ಯಶವಂತಪುರದ ರೋಮನ್ ಬೆಳ್ಳಿ: ನಾಣ್ಯಗಳು ಹೇಳುವ ಸಾಕ್ಷ್ಯ

(ವಿಜಯನಗರದ ವಾಚನಾಲಯವೊಂದರ ಸಭೆಯಲ್ಲಿ ಮಾಡಿದ ಭಾಷಣ)



ವಿಜಯನಗರವೆಂಬ ಹೆಸರನ್ನು ಹೊತ್ತಿರುವ ಈ ಬಡಾವಣೆಯಲ್ಲಿ ಕನ್ನಡ ನಾಡಿನ ಪೂರ್ವಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ನಮಗೆ ಅಪ್ಪಣೆ ಮಾಡಿದಿರಿ. ಹೆಸರಿಗೆ ತಕ್ಕಂತೆ ಹಂಪೆಯ ವೈಭವವನ್ನೇ ವರ್ಣಿಸುವೆವೆಂದು ತಮ್ಮಲ್ಲಿ ಕೆಲವರಾದರೂ ಎಣಿಸಿರಬಹುದು. ಆದರೆ ಅಷ್ಟು ದೂರ ಹೋಗುವುದಕ್ಕೆ ಮುಂಚೆ ಇಲ್ಲಿಂದ ಕೆಲವೇ ಮೈಲಿ ಉತ್ತರಕ್ಕಿರುವ ಯಶವಂತಪುರಕ್ಕೆ ಹೋಗಿಬರುವುದು ಯುಕ್ತವೆಂದು ನಮಗೆ ತೋರಿತು. ನಮ್ಮಲ್ಲಿ ಬಹು ಜನರು ಆ ಊರನ್ನು ರೈಲುಬಂಡಿ ಹತ್ತುವ ನಿಲ್ದಾಣವಾಗಿಯೂ ಈರುಳ್ಳಿ ಆಲೂಗೆಡ್ಡೆಗಳ ಸಗಟು ಪೇಟೆಯಾಗಿಯೂ ಮಾತ್ರ ಬಲ್ಲರು. ಅದೇ ಊರಿನ ಬಳಿ 1891ರಲ್ಲಿ ರೈಲುಹಾದಿಯ ಕೆಲಸಕ್ಕಾಗಿ ನೆಲವನ್ನಗೆಯುತ್ತಿದ್ದಾಗ ರೋಮ್ ಚಕ್ರವರ್ತಿಗಳ ಮುಖಮುದ್ರೆಯುಳ್ಳ 163 ಬೆಳ್ಳಿಯ ನಾಣ್ಯಗಳು ದೊರೆತವೆಂಬ ಸಂಗತಿಯನ್ನು ನಮ್ಮ ಮಕ್ಕಳು ಯಾವ ಪಾಠದಲ್ಲಿಯೂ ಓದುವುದು ವಿರಳ.

ಆ ನಾಣ್ಯಗಳನ್ನೇ ಈ ದಿನ ನಾವು ಸಾಕ್ಷಿಯ ಕಟಕಟೆಗೆ ಕರೆಯಬೇಕೆಂದಿರುವೆವು. ಸಾಕ್ಷಿಯು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ನಾವು ಅದರ ಬಾಯಿಗೆ ಏನನ್ನು ತುರುಕುತ್ತಿದ್ದೇವೆ ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡುವುದು ನ್ಯಾಯಾಲಯದಲ್ಲಿ ಹೇಗೆ ಅವಶ್ಯವೋ ನಾಡಿನ ಚರಿತ್ರೆಯಲ್ಲಿಯೂ ಹಾಗೆಯೇ ಅವಶ್ಯ. ಕನ್ನಡ ನಾಡಿನ ಏಕತೆಗಾಗಿ ದುಡಿದವರಿಗೆ ಮತ್ತು ಆ ಕಾರ್ಯವನ್ನು ಮೆಚ್ಚಿದವರಿಗೆ ಇದು ಇನ್ನೂ ಹೆಚ್ಚು ಅವಶ್ಯವೆಂಬುದನ್ನು ಮುಂದೆ ಅರಿಕೆ ಮಾಡುವೆವು.

ಮೊದಲು ಪ್ರಕರಣದ ಸಂಗತಿಗಳು. ಯಶವಂತಪುರದ ನಾಣ್ಯಗಳು ರೋಮಿನ ಮೊದಲ ಚಕ್ರವರ್ತಿಯಾದ ಅಗಸ್ಟಸನಿಂದ ಹಿಡಿದು ಕ್ಲಾಡಿಯಸನ ವರೆಗಿನ ಕಾಲಕ್ಕೆ ಸೇರಿದವು. ಅಗಸ್ಟಸನು ಕ್ರಿ.ಪೂ. 27ರಿಂದ ಕ್ರಿ.ಶ. 14ರ ವರೆಗೂ, ತಿಬೇರಿಯಸನು 37ರ ವರೆಗೂ, ಗಾಯಸನು 41ರ ವರೆಗೂ, ಕ್ಲಾಡಿಯಸನು 54ರ ವರೆಗೂ ಆಳಿದರು. ಎಂದರೆ ಇಂದಿಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೆಳ್ಳಿ ಅದು. ಯಶವಂತಪುರವೊಂದೇ ಆಗಿದ್ದರೆ ಅದನ್ನು ಯಾರೋ ದಾರಿಹೋಕನ ಗಂಟೆಂದು ತಳ್ಳಿಹಾಕಬಹುದಾಗಿತ್ತು. ಆದರೆ 1965ರಲ್ಲಿ ಇದೇ ಬೆಂಗಳೂರಿನ ಪೂರ್ವಭಾಗದಲ್ಲಿ, ವಿಮಾನ ಕಾರ್ಖಾನೆಯ ಪ್ರದೇಶದಲ್ಲಿ, ಅಗಸ್ಟಸ್ ಮತ್ತು ತಿಬೇರಿಯಸರ 256 ಬೆಳ್ಳಿ ನಾಣ್ಯಗಳ ಇನ್ನೊಂದು ನಿಧಿ ಹೊರಬಿದ್ದಿತು. ಚಿತ್ರದುರ್ಗದ ಬೆಟ್ಟದ ಬುಡದಲ್ಲಿರುವ ಚಂದ್ರವಳ್ಳಿಯನ್ನು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರವರು 1929ರಲ್ಲಿಯೂ, ಮಾರ್ಟಿಮರ್ ವೀಲರ್ ಎಂಬ ಪ್ರಸಿದ್ಧ ಉತ್ಖನನಕಾರರು 1947ರಲ್ಲಿಯೂ ಅಗೆಯಿಸಿದರು. ಅಲ್ಲಿಯೂ ಇದೇ ಇಬ್ಬರು ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಶಾತವಾಹನರ ಕಾಲದ ಸೀಸದ ನಾಣ್ಯಗಳ ನೆರೆಯಲ್ಲಿ ದೊರೆತಿವೆ. ಮೂರು ಕಡೆ ಮೂರು ಬಾರಿ ಒಂದೇ ಮಾತು ಕೇಳಿಬಂದರೆ ಅದಕ್ಕೆ ಕಿವಿಗೊಡಲೇಬೇಕು.

ಈ ನಾಣ್ಯಕ್ಕೆ ಲ್ಯಾಟಿನ್ ಭಾಷೆಯಲ್ಲಿ ದೆನಾರಿಯಸ್ ಎಂದು ಹೆಸರು. ಸಂಸ್ಕೃತದ ‘ದೀನಾರ’ ಶಬ್ದವು ಇದರಿಂದಲೇ ಹುಟ್ಟಿತೆಂಬುದು ವಿದ್ವಾಂಸರಿಗೆ ಸಮ್ಮತವಾದ ಸಂಗತಿ. ಅಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಯಿಂದ 84 ದೆನಾರಿಯಸ್‌ಗಳನ್ನು ಹೊಡೆಯುತ್ತಿದ್ದರು. ಒಂದೊಂದರ ತೂಕ ಸುಮಾರು 3.9 ಗ್ರಾಂ; ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ತೊಲದ ಮೂರನೆಯ ಒಂದು ಪಾಲು. ಆಗಿನ ರೋಮನ್ ಕಾಲಾಳಿಗೆ ವರ್ಷಕ್ಕೆ 225 ದೆನಾರಿಯಸ್ ಸಂಬಳ. ಈ ಲೆಕ್ಕದಿಂದ ನೋಡಿದರೆ ಯಶವಂತಪುರದ ಗಂಟು ಒಬ್ಬ ಸಿಪಾಯಿಯ ಸುಮಾರು ಒಂಬತ್ತು ತಿಂಗಳ ಸಂಬಳಕ್ಕೆ ಸಮನಾಯಿತು. ಅರಸನ ಭಂಡಾರವೆಂದು ಕರೆಯುವಷ್ಟು ದೊಡ್ಡದಲ್ಲ; ಬಡವನ ಉಳಿತಾಯವೆನ್ನುವಷ್ಟು ಸಣ್ಣದೂ ಅಲ್ಲ. ವರ್ತಕನೊಬ್ಬನ ಬಂಡವಾಳಕ್ಕೆ ಸರಿಹೊಂದುವ ಮೊತ್ತವೆಂದು ಊಹಿಸಬಹುದು.

ನಾಣ್ಯವನ್ನು ತಯಾರಿಸುವ ಕ್ರಮವೂ ಸರಳ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ನಡುವೆ ಕಾಯಿಸಿದ ಬೆಳ್ಳಿಯ ಬಿಲ್ಲೆ. ಮೇಲಿನಿಂದ ಸುತ್ತಿಗೆಯ ಒಂದು ಬಲವಾದ ಪೆಟ್ಟು. ಕೈಯಿಂದ ಹೊಡೆದದ್ದಾದ ಕಾರಣ ಚಿತ್ರವು ಒಮ್ಮೊಮ್ಮೆ ಅಂಚಿಗೆ ಸರಿದಿರುವುದುಂಟು, ಅಕ್ಷರಗಳು ಅರ್ಧಕ್ಕೆ ತುಂಡಾಗಿರುವುದುಂಟು. ಆದರೂ ಆ ಅಂಗುಲವೂ ಇಲ್ಲದ ಬಿಲ್ಲೆಯ ಮೇಲೆ ರೋಮ್ ಸರ್ಕಾರವು ತನ್ನ ಪ್ರಜೆಗಳಿಗೆ ಹೇಳಬೇಕೆಂದಿದ್ದ ಸುದ್ದಿಯನ್ನೆಲ್ಲ ತುಂಬಿ ಕಳುಹಿಸುತ್ತಿತ್ತು. ಮುದ್ರಣಯಂತ್ರವೂ ವೃತ್ತಪತ್ರಿಕೆಯೂ ಇಲ್ಲದ ಆ ಕಾಲದಲ್ಲಿ ರಾಜ್ಯದ ಮೂಲೆಮೂಲೆಗೂ ತಲುಪುತ್ತಿದ್ದ ಚಿತ್ರವೆಂದರೆ ನಾಣ್ಯದ ಮೇಲಿನ ಚಿತ್ರವೇ.

ಭಾರತದಲ್ಲಿ ಸಿಕ್ಕುವ ರೋಮನ್ ಬೆಳ್ಳಿಯಲ್ಲಿ ಎರಡು ಜಾತಿಯ ನಾಣ್ಯಗಳೇ ಅತ್ಯಧಿಕ. ಮೊದಲನೆಯದು ಅಗಸ್ಟಸನದು. ಒಂದು ಮುಖದಲ್ಲಿ ಲಾರೆಲ್ ಎಲೆಗಳ ಮಾಲೆಯನ್ನು ತಲೆಗೆ ಸುತ್ತಿದ ಚಕ್ರವರ್ತಿಯ ಮುಖ. ಸುತ್ತಲೂ ಅಕ್ಷರಗಳಲ್ಲಿ ಅವನು ‘ದಿವ್ಯನ ಮಗ’ನೆಂದೂ ‘ನಾಡಿನ ತಂದೆ’ಯೆಂದೂ ಬಿರುದು. ದತ್ತುತಂದೆಯಾದ ಜೂಲಿಯಸ್ ಸೀಸರನನ್ನು ಮರಣಾನಂತರ ದೇವರೆಂದು ಸಾರಿದ ಕಾರಣ ಈತನು ದೇವಪುತ್ರನಾದನು. ಅಲ್ಲಿರುವ ‘ದಿವಿ’ ಎಂಬ ಲ್ಯಾಟಿನ್ ಪದಕ್ಕೂ ನಮ್ಮ ‘ದೇವ’ ಪದಕ್ಕೂ ಮೂಲ ಒಂದೇ ಎಂಬುದನ್ನು ಭಾಷಾಶಾಸ್ತ್ರ ಬಲ್ಲ ಉಪಾಧ್ಯಾಯರು ಕೂಡಲೇ ಗುರುತಿಸುವರು. ಹಿಂದಿನ ಮುಖದಲ್ಲಿ ಇಬ್ಬರು ತರುಣರು ನಿಂತಿರುವರು. ಮೈತುಂಬ ಹೊದ್ದ ಬಟ್ಟೆ, ನಡುವೆ ಎರಡು ಗುರಾಣಿ, ಎರಡು ಈಟಿ. ಅವರ ತಲೆಗಳ ನಡುವಣ ಜಾಗದಲ್ಲಿ ಪೂಜೆಯ ಸೌಟೂ ಶಕುನ ನೋಡುವ ಪುರೋಹಿತನ ಡೊಂಕು ಕೋಲೂ ಇವೆ. ಈ ತರುಣರು ಗಾಯಸ್ ಮತ್ತು ಲೂಸಿಯಸ್. ಚಕ್ರವರ್ತಿಯ ಮಗಳ ಮಕ್ಕಳು. ತನಗೆ ಗಂಡುಸಂತಾನವಿಲ್ಲದ್ದರಿಂದ ಅಗಸ್ಟಸನು ಅವರನ್ನು ದತ್ತು ತೆಗೆದುಕೊಂಡು, ಮುಂದಿನ ಒಡೆಯರು ಇವರೇ ಎಂದು ಲೋಕಕ್ಕೆಲ್ಲ ಸಾರಲು ಈ ನಾಣ್ಯವನ್ನು ಹೊಡೆಯಿಸಿದನು. ಹೊಡೆದ ಟಂಕಸಾಲೆ ಇದ್ದದ್ದು ಲುಗ್ದುನಂ ಎಂಬ ಊರಿನಲ್ಲಿ. ಅದು ಈಗಿನ ಫ್ರಾನ್ಸ್ ದೇಶದ ಲಿಯಾನ್ ನಗರ.

ವಿಧಿಯ ಆಟವನ್ನು ನೋಡಿರಿ. ಲೂಸಿಯಸನು ಕ್ರಿ.ಶ. 2ರಲ್ಲಿ ಸತ್ತನು, ಗಾಯಸನು ಕ್ರಿ.ಶ. 4ರಲ್ಲಿ ಸತ್ತನು. ಇಬ್ಬರೂ ಸಿಂಹಾಸನವನ್ನು ಕಾಣಲಿಲ್ಲ. ಆದರೆ ಅವರ ಚಿತ್ರವನ್ನು ಹೊತ್ತ ಬೆಳ್ಳಿಯು ಸಮುದ್ರ ದಾಟಿ, ಘಟ್ಟ ಹತ್ತಿ, ದಕ್ಷಿಣ ಭಾರತದ ಊರೂರುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇದ್ದಿತು. ರಾಜನ ಇಷ್ಟವನ್ನು ಸಾರಲು ಹುಟ್ಟಿದ ನಾಣ್ಯವು ರಾಜನ ಇಷ್ಟವು ಮುರಿದುಬಿದ್ದ ಬಳಿಕವೂ ಚಲಾವಣೆಯಲ್ಲಿ ಉಳಿಯಿತು.

ಎರಡನೆಯದು ತಿಬೇರಿಯಸನ ನಾಣ್ಯ. ಇದನ್ನೂ ಲಿಯಾನಿನ ಟಂಕಸಾಲೆಯಲ್ಲಿಯೇ ಹೊಡೆದರೆಂದು ನಾಣ್ಯಶಾಸ್ತ್ರಜ್ಞರ ಅಭಿಪ್ರಾಯ. ಒಂದು ಕಡೆ ಚಕ್ರವರ್ತಿಯ ಮುಖ. ಇನ್ನೊಂದು ಕಡೆ ಪೀಠದ ಮೇಲೆ ಕುಳಿತ ಸ್ತ್ರೀಮೂರ್ತಿ. ಆಕೆಯ ಒಂದು ಕೈಯಲ್ಲಿ ಉದ್ದನೆಯ ರಾಜದಂಡ, ಇನ್ನೊಂದು ಕೈಯಲ್ಲಿ ಎಲೆಯ ಕೊಂಬೆ. ಆಕೆಯು ಶಾಂತಿದೇವತೆಯೆಂದು ಕೆಲವರು ಹೇಳುವರು. ಚಕ್ರವರ್ತಿಯ ತಾಯಿಯಾದ ಲಿವಿಯಳೇ ಆ ರೂಪದಲ್ಲಿ ಕುಳಿತಿರುವಳೆಂದು ಹಲವರು ಹೇಳುವರು. ಸುತ್ತಲಿನ ಬರಹವು ಚಕ್ರವರ್ತಿಯನ್ನು ಮಹಾಪುರೋಹಿತನೆಂದು ಕರೆಯುತ್ತದೆ. ಕ್ರೈಸ್ತರ ಸುವಾರ್ತೆಯಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಪರರಾಜನಿಗೆ ಕಂದಾಯ ಕೊಡುವುದು ಸರಿಯೋ ತಪ್ಪೋ ಎಂದು ಕೇಳಿ ಯೇಸುವನ್ನು ಸಿಕ್ಕಿಸಲು ಬಂದವರಿಗೆ ಆತನು ಒಂದು ನಾಣ್ಯವನ್ನು ತರಿಸಿ, ಇದರ ಮೇಲಿನ ಮುಖ ಯಾರದೆಂದು ಮರುಪ್ರಶ್ನೆ ಹಾಕಿದನು. ಆ ನಾಣ್ಯವು ತಿಬೇರಿಯಸನ ಈ ದೆನಾರಿಯಸೇ ಎಂದು ಪರಂಪರೆಯಾಗಿ ನಂಬಿಕೆ. ಪರದೇಶದ ಅರಸನ ಮುಖವುಳ್ಳ ಹಣದಿಂದ ಕಂದಾಯ ಕಟ್ಟಿ ಅನುಭವವುಳ್ಳ ನಮ್ಮ ಜನಕ್ಕೆ ಆ ಪ್ರಶ್ನೆಯ ಮೊನೆ ಬೇಗ ತಿಳಿಯುತ್ತದೆ.

ಕ್ಲಾಡಿಯಸನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುವೆವು. ಅವನ ಸೈನ್ಯವು ಕ್ರಿ.ಶ. 43ರಲ್ಲಿ ಬ್ರಿಟನ್ ದ್ವೀಪವನ್ನು ಹೊಕ್ಕಿತು. ಆ ವಿಜಯವನ್ನು ಸಾರಲು ಅವನು ಹೊಡೆಯಿಸಿದ ಒಂದು ಜಾತಿಯ ನಾಣ್ಯದಲ್ಲಿ ವಿಜಯದ ಕಮಾನೂ ಅದರ ಮೇಲೆ ಬ್ರಿಟನ್ನರನ್ನು ಗೆದ್ದ ಬರಹವೂ ಇವೆ. ಪ್ರಪಂಚದ ಐದರಲ್ಲೊಂದು ಪಾಲನ್ನು ಆಳುವ ಭಾಗ್ಯ ತಮಗೆ ದೇವರೇ ಕೊಟ್ಟದ್ದೆಂದು ಬಗೆದಿದ್ದ ದ್ವೀಪವೂ ಒಮ್ಮೆ ಇನ್ನೊಬ್ಬರ ನಾಣ್ಯದ ಮೇಲೆ ಸೋತ ದೇಶವಾಗಿ ಕುಳಿತಿತ್ತು. ಸಾಮ್ರಾಜ್ಯಗಳ ಹೆಮ್ಮೆಗೆ ಆಯುಷ್ಯವೆಷ್ಟೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದಕ್ಕೆ ಇದಕ್ಕಿಂತ ಚಿಕ್ಕ ಪಾಠ ಬೇಕಾಗಿಲ್ಲ.

ಈಗ ನಮ್ಮ ಜನರು ಈ ಚಿತ್ರಗಳನ್ನು ಹೇಗೆ ಓದಿದರೆಂಬ ಪ್ರಶ್ನೆ ಬರುತ್ತದೆ. ಗಾಯಸ್ ಲೂಸಿಯಸರು ಯಾರೆಂದು ಯಶವಂತಪುರದ ಕಡೆಯ ವರ್ತಕನಿಗೆ ಗೊತ್ತಿದ್ದಿರಲಾರದು. ಲ್ಯಾಟಿನ್ ಅಕ್ಷರವನ್ನು ಅವನು ಓದಿದ್ದನೆನ್ನಲು ಆಧಾರವಿಲ್ಲ. ಅವನಿಗೆ ಪರಿಚಯವಿದ್ದ ಹಳೆಯ ಬೆಳ್ಳಿ ನಾಣ್ಯವೆಂದರೆ ಸೂರ್ಯ, ಬೆಟ್ಟ, ಗೂಳಿ, ಮರ ಮುಂತಾದ ಚಿಹ್ನೆಗಳನ್ನು ಬೇರೆ ಬೇರೆಯಾಗಿ ಒತ್ತಿದ ತುಂಡುಗಳು. ಅವುಗಳ ಮೇಲೆ ಅರಸನ ಮುಖವಿರುತ್ತಿರಲಿಲ್ಲ. ಆದುದರಿಂದ ಅವನು ಚಿತ್ರವನ್ನು ನೋಡಿದ್ದು ಗುರುತಿಗಾಗಿ. ಈ ಚಿತ್ರವುಳ್ಳ ಬಿಲ್ಲೆಯಲ್ಲಿ ಬೆಳ್ಳಿ ಸರಿಯಾಗಿದೆ, ತೂಕ ಸರಿಯಾಗಿದೆ ಎಂಬ ಗುರುತು. ಭಾರತದಲ್ಲಿ ಸಿಕ್ಕಿದ ಅನೇಕ ದೆನಾರಿಯಸ್‌ಗಳ ಮೇಲೆ ಚಿಕ್ಕ ಚಿಕ್ಕ ಒತ್ತುಗುರುತುಗಳು ಕಾಣುತ್ತವೆ. ಪುದುಕೋಟೆಯಲ್ಲಿ 1898ರಲ್ಲಿ ದೊರೆತ ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕಡಿದ ಗೀಟು ಇದೆ. ಲೋಹವನ್ನು ಪರೀಕ್ಷಿಸಲು ಹೀಗೆ ಮಾಡಿದರೆಂದು ಕೆಲವರು, ಪರರಾಜನ ನಾಣ್ಯವನ್ನು ರದ್ದುಮಾಡಿ ಬರಿಯ ಲೋಹವಾಗಿ ಎಣಿಸಲು ಮಾಡಿದರೆಂದು ಕೆಲವರು ಹೇಳುವರು. ಎರಡರಲ್ಲಿ ಯಾವುದೇ ಆಗಲಿ, ನಮ್ಮವರು ಮುಖಕ್ಕೆ ಮಣಿಯಲಿಲ್ಲ, ಲೋಹವನ್ನು ನೋಡಿದರೆಂಬುದು ಸ್ಪಷ್ಟ.

ರೋಮಿನ ಗ್ರಂಥಕಾರನಾದ ಪ್ಲಿನಿಯು ಒಂದು ಕಥೆಯನ್ನು ಬರೆದಿಟ್ಟಿದ್ದಾನೆ. ಕ್ಲಾಡಿಯಸನ ಕಾಲದಲ್ಲಿ ಕೆಂಪು ಸಮುದ್ರದ ಸುಂಕ ವಸೂಲಿಗೆ ಸಂಬಂಧಪಟ್ಟ ಒಬ್ಬನ ಹಡಗು ಗಾಳಿಗೆ ಸಿಕ್ಕಿ ಲಂಕೆಗೆ ಬಂದಿತು. ಅಲ್ಲಿಯ ಅರಸನು ಅವನ ಬಳಿಯಿದ್ದ ದೆನಾರಿಯಸ್‌ಗಳನ್ನು ತೂಗಿಸಿ ನೋಡಿದನು. ಮೇಲಿನ ಮುಖಗಳು ಬೇರೆ ಬೇರೆ, ಎಂದರೆ ಹೊಡೆಯಿಸಿದವರು ಬೇರೆ ಬೇರೆ. ಆದರೂ ತೂಕ ಮಾತ್ರ ಒಂದೇ. ಇಂಥ ಜನರು ನಂಬಿಕೆಗೆ ಯೋಗ್ಯರೆಂದು ಮೆಚ್ಚಿ ಅರಸನು ರೋಮಿಗೆ ನಾಲ್ವರು ರಾಯಭಾರಿಗಳನ್ನು ಕಳುಹಿಸಿದನಂತೆ. ಕಥೆಯಲ್ಲಿ ಪ್ಲಿನಿಯ ಸ್ವದೇಶಾಭಿಮಾನ ಎಷ್ಟು ಸೇರಿದೆಯೋ ಏನೋ. ಆದರೆ ಒಂದು ಸರ್ಕಾರದ ಯೋಗ್ಯತೆಯನ್ನು ಅದರ ನಾಣ್ಯದ ಪ್ರಾಮಾಣಿಕತೆಯಿಂದ ಅಳೆಯಬೇಕೆಂಬ ತತ್ತ್ವವು ಸರಿಯಾದದ್ದೇ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಬೇಗನೆ ಬಂದಿತು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ಪೌಂಡಿಗೆ 84ರ ಬದಲು 96 ನಾಣ್ಯಗಳನ್ನು ಹೊಡೆಯಿಸಿ, ಬೆಳ್ಳಿಯಲ್ಲಿ ಕೀಳು ಲೋಹವನ್ನೂ ಬೆರೆಸಿದನು. ಚಿತ್ರದ ಕೆಲಸ ಮೊದಲಿಗಿಂತ ಚೆನ್ನಾಗಿಯೇ ಇದ್ದಿತು. ಆದರೆ ದಕ್ಷಿಣ ಭಾರತದ ನಿಧಿಗಳಲ್ಲಿ ಆ ಬಳಿಕದ ಬೆಳ್ಳಿ ಬಹು ಅಪರೂಪ. ಅಗಸ್ಟಸ್ ತಿಬೇರಿಯಸರ ಹಳೆಯ ಬೆಳ್ಳಿಯೇ ಎಲ್ಲೆಲ್ಲಿಯೂ. ಹೊಸ ನಾಣ್ಯವನ್ನು ನಮ್ಮ ವರ್ತಕರು ಬೇಡವೆಂದು ತಳ್ಳಿದರೆಂಬುದು ಬಹುಮಂದಿ ವಿದ್ವಾಂಸರ ಊಹೆ. ಹಾಗಿದ್ದಲ್ಲಿ ತಕ್ಕಡಿ ಹಿಡಿದ ನಮ್ಮ ಪೂರ್ವಿಕನು ನೀರೋವಿನ ಮೋಸವನ್ನು ಪೇಟೆಯಲ್ಲಿ ಕುಳಿತೇ ಕಂಡುಹಿಡಿದನೆಂದಾಯಿತು.

ಈ ಬೆಳ್ಳಿ ಬಂದದ್ದೇಕೆ? ಮೆಣಸು, ಮುತ್ತು, ದಂತ, ವೈಡೂರ್ಯ, ನವುರಾದ ಹತ್ತಿಯ ಬಟ್ಟೆ ಇವುಗಳಿಗೆ ಬೆಲೆಯಾಗಿ. ಕೆಂಪು ಸಮುದ್ರದ ಒಂದು ಬಂದರಿನಿಂದಲೇ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವೆಂದು ಸ್ಟ್ರಾಬೋ ಎಂಬ ಭೂಗೋಳಕಾರನು ಬರೆದಿದ್ದಾನೆ. ಅವು ಮುಂಗಾರಿನ ಗಾಳಿಯನ್ನು ಹಿಡಿದು ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಕರಾವಳಿಯಿಂದ ಪಾಲಕ್ಕಾಡಿನ ಕಣಿವೆಯ ಮೂಲಕ ಬಂದ ಬೆಳ್ಳಿಯು ಕೊಯಮತ್ತೂರು ಸೀಮೆಯಲ್ಲಿ ದಟ್ಟವಾಗಿ ಬಿದ್ದಿದೆ. ಅಲ್ಲಿಯ ವೆಳ್ಳಲೂರು ಒಂದರಲ್ಲಿಯೇ ಹಲವು ನಿಧಿಗಳು ದೊರೆತಿವೆ. ಕಾವೇರಿಯ ಕಡೆಯಿಂದ ಕೃಷ್ಣಾ ನದಿಯ ಕಡೆಗೆ ಹೋಗುವವರು ನಮ್ಮ ಈ ಎತ್ತರದ ಬಯಲನ್ನು ದಾಟಿಯೇ ಹೋಗಬೇಕು. ಬೆಂಗಳೂರಿನ ನೆಲದಲ್ಲಿ ಎರಡು ಗಂಟು ಸಿಕ್ಕಿದ್ದಕ್ಕೆ ಇದೇ ಸಹಜವಾದ ಕಾರಣವೆಂದು ನಮ್ಮ ಅಭಿಪ್ರಾಯ.

ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತವು ಸೆಳೆದುಕೊಳ್ಳುತ್ತದೆಂದು ಪ್ಲಿನಿಯು ಗೋಳಾಡಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ದೆನಾರಿಯಸ್. ಎಂದರೆ ಒಂದೂಕಾಲು ಕೋಟಿ ದೆನಾರಿಯಸ್. ಅವನ ಅಂಕಿ ನಿಖರವೋ ಅಲ್ಲವೋ, ಗೋಳು ಮಾತ್ರ ನಿಜವಾದದ್ದು. ನಮ್ಮ ದೇಶದ ಸಂಪತ್ತು ಹೊರಕ್ಕೆ ಹರಿದುಹೋದ ಲೆಕ್ಕವನ್ನು ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಟ್ಟರಷ್ಟೆ. ಎರಡು ಹರಿವುಗಳಿಗೂ ಇರುವ ಭೇದವನ್ನು ಮರೆಯಬಾರದು. ರೋಮಿನವರು ಕೊಟ್ಟ ಬೆಳ್ಳಿಗೆ ಮೆಣಸನ್ನೂ ಬಟ್ಟೆಯನ್ನೂ ತೂಗಿಸಿಕೊಂಡು ಹೋದರು. ಕೊಳ್ಳಲು ಅವರನ್ನು ಯಾರೂ ಬಲಾತ್ಕರಿಸಲಿಲ್ಲ. ನಮ್ಮಿಂದ ಹೋದದ್ದರಲ್ಲಿ ಬಹುಭಾಗವು ಆಳಿಸಿಕೊಂಡದ್ದಕ್ಕಾಗಿ ಕೊಟ್ಟ ದಂಡ.

ಇನ್ನು ಸಾಕ್ಷಿಯು ಹೇಳದೆ ಇರುವ ಮಾತುಗಳು. ಈ ನಾಣ್ಯಗಳನ್ನು ಕೈಯಲ್ಲಿ ಹಿಡಿದು, ರೋಮಿನವರು ಬೆಂಗಳೂರಿನಲ್ಲಿ ವಾಸವಾಗಿದ್ದರೆಂದು ಹೇಳುವ ಉತ್ಸಾಹಿಗಳಿದ್ದಾರೆ. ನಾಣ್ಯವು ಬಂದಿತೆಂದ ಮಾತ್ರಕ್ಕೆ ಹೊಡೆಸಿದವನು ಬಂದನೆಂದಾಗದು; ಹತ್ತು ಕೈ ದಾಟಿ ಬಂದಿರಬಹುದು. ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಮಹಾನಗರವಿತ್ತೆಂದು ಹೇಳುವವರಿದ್ದಾರೆ. ಗಂಟು ಹೂತದ್ದು ಊರಿನಲ್ಲಿಯೂ ಆಗಿರಬಹುದು, ದಾರಿಯ ಮರದ ಬುಡದಲ್ಲಿಯೂ ಆಗಿರಬಹುದು. ಬೆಂಗಳೂರೆಂಬ ಹೆಸರು ನಮಗೆ ಮೊದಲು ಸಿಕ್ಕುವುದು ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲಿ. ಹೂತ ಕಾಲವನ್ನೂ ನಾಣ್ಯವು ಖಂಡಿತವಾಗಿ ಹೇಳದು. ಗಂಟಿನ ಕೊನೆಯ ನಾಣ್ಯ ಹುಟ್ಟಿದ ಬಳಿಕ ಹೂತರೆಂದು ಮಾತ್ರ ಹೇಳಬಹುದು. ಹಳೆಯ ಒಳ್ಳೆಯ ಬೆಳ್ಳಿಯನ್ನೇ ನಮ್ಮವರು ಆರಿಸಿಕೊಳ್ಳುತ್ತಿದ್ದರಾದ್ದರಿಂದ ಎಷ್ಟೋ ವರ್ಷ ತಡವಾಗಿಯೂ ಹೂತಿರಬಹುದು.

ಇವೆಲ್ಲಕ್ಕಿಂತ ನಮಗೆ ಹತ್ತಿರವಾದ ಇನ್ನೊಂದು ಮಾತಿದೆ. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ಸಿಕ್ಕಿತು, ಬೆಂಗಳೂರಿನಲ್ಲಿ ಸಿಕ್ಕಿತು, ಹಾನಗಲ್ಲ ಸೀಮೆಯ ಅಕ್ಕಿಆಲೂರಿನಲ್ಲಿ ಮುಂದಿನ ಕಾಲದ ಪೂರ್ವ ರೋಮಿನ ಚಿನ್ನ ಸಿಕ್ಕಿತು, ಆದುದರಿಂದ ಕನ್ನಡ ನಾಡು ಆಗಲೇ ಒಂದಾಗಿತ್ತು ಎಂದು ವೇದಿಕೆಯ ಮೇಲೆ ಹೇಳಿಬಿಡುವುದು ಬಹು ಸುಲಭ, ಚಪ್ಪಾಳೆಯೂ ಬರುತ್ತದೆ. ಏಕೀಕರಣದ ಪಕ್ಷಪಾತಿಗಳಾದ ನಾವೇ ಈ ವಾದವನ್ನು ಒಪ್ಪುವುದಿಲ್ಲ. ಕೊಯಮತ್ತೂರಿನಲ್ಲಿ ಇನ್ನೂ ಹೆಚ್ಚು ರೋಮನ್ ಬೆಳ್ಳಿ ಇದೆ. ಅದರಿಂದ ಯಾವ ಪ್ರಾಂತದ ಗಡಿಯೂ ಏರ್ಪಡುವುದಿಲ್ಲ. ಕನ್ನಡಿಗರು ಒಂದು ಆಡಳಿತವನ್ನು ಕೇಳಿದ್ದು ತಾವಾಡುವ ಮಾತಿನ ಬಲದಿಂದ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿ ಹಲವೆಡೆ ತಮ್ಮ ಭಾಷೆಯಲ್ಲಿ ನ್ಯಾಯ ಕೇಳಲಾಗದೆ ಪಟ್ಟ ಪಾಡಿನ ಬಲದಿಂದ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದು ಜನರನ್ನೆಚ್ಚರಿಸಿದರು. 1956ನೆಯ ನವೆಂಬರ್ 1ರಂದು ಆ ಬೇಡಿಕೆ ಕೈಗೂಡಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಕಾಸರಗೋಡು ಹೊರಗುಳಿಯಿತು. ಇಂಥ ಸತ್ಯವಾದ ಮೊಕದ್ದಮೆಗೆ ಕಟ್ಟುಸಾಕ್ಷಿಯನ್ನು ಸೇರಿಸುವವನು ಮೊಕದ್ದಮೆಯನ್ನೇ ಕೆಡಿಸುವನು. ಎದುರುಪಕ್ಷದವರು ಒಂದು ಸುಳ್ಳನ್ನು ಬಯಲಿಗೆಳೆದರೆ ಹತ್ತು ನಿಜಗಳ ಮೇಲೂ ಸಂಶಯ ಹುಟ್ಟುತ್ತದೆಂಬುದನ್ನು ವಕೀಲಿ ವೃತ್ತಿಯಲ್ಲಿ ನಾವು ದಿನವೂ ಕಾಣುತ್ತಿರುವೆವು.

ಹಾಗಾದರೆ ಈ ನಾಣ್ಯಗಳು ನಿಜವಾಗಿ ಏನನ್ನು ಸಿದ್ಧಪಡಿಸುತ್ತವೆ? ಸಮುದ್ರದಿಂದ ದೂರವಿದ್ದ ನಮ್ಮ ಒಳನಾಡು ಆಗಲೇ ದೂರದ ವ್ಯಾಪಾರದಲ್ಲಿ ಪಾಲುಗೊಂಡಿತ್ತು. ತೂಕ ಮತ್ತು ಲೋಹಗಳ ವಿವೇಚನೆಯುಳ್ಳ ಜನರು ಇಲ್ಲಿ ಇದ್ದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿಯ ಜೊತೆಗೆ ಮಹಾರಠಿ ಸದಕಣ ಕಳಲಾಯನೆಂಬ ಸ್ಥಳೀಯ ಅಧಿಪತಿಯ ಸೀಸದ ನಾಣ್ಯಗಳೂ ಇರುವುದರಿಂದ, ದೊಡ್ಡ ಮೊತ್ತಕ್ಕೆ ಹೊರಗಿನ ಬೆಳ್ಳಿ, ಪೇಟೆಯ ಚಿಲ್ಲರೆಗೆ ತಮ್ಮದೇ ಸೀಸ ಎಂಬ ವ್ಯವಸ್ಥೆ ಇದ್ದಿತೆಂದು ತಿಳಿಯಬಹುದು. ಅದೇ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಕೆರೆಯ ಶಾಸನವಿದೆ. ಗ್ರೀಕರ ‘ದ್ರಾಖ್ಮಾ’ ಎಂಬ ಹೆಸರು ನಮ್ಮ ಶಾಸನಗಳಲ್ಲಿ ‘ದ್ರಮ್ಮ’ವಾಗಿ, ಗದ್ಯಾಣ ಪಣಗಳ ಸಾಲಿನಲ್ಲಿ ಮನೆಯ ಮಾತಾಗಿ ಕುಳಿತಿದೆ. ಹೊರಗಿನಿಂದ ಬಂದದ್ದನ್ನು ಪರೀಕ್ಷಿಸಿ, ಒಳ್ಳೆಯದಾದರೆ ತೆಗೆದುಕೊಂಡು ತಮ್ಮದನ್ನಾಗಿ ಮಾಡಿಕೊಂಡ ಜನ ನಮ್ಮವರು. ಶಾತವಾಹನ ಅರಸರು ಮುಂದೆ ಬೆಳ್ಳಿಯ ಮೇಲೆ ತಮ್ಮ ಮುಖವನ್ನೂ ಹಾಕಿಸಿದರು. ತಮ್ಮ ಬಡಾವಣೆಗೆ ಹೆಸರು ಕೊಟ್ಟ ವಿಜಯನಗರದ ಅರಸರಾದರೋ ತಮ್ಮ ಮುಖವನ್ನು ಬಿಟ್ಟು ಹನುಮಂತನನ್ನೂ ಉಮಾಮಹೇಶ್ವರರನ್ನೂ ಬಾಲಕೃಷ್ಣನನ್ನೂ ಚಿನ್ನದ ವರಾಹಗಳ ಮೇಲೆ ಕೂರಿಸಿದರು. ಯಾವುದನ್ನು ನಾಣ್ಯದ ಮೇಲೆ ಇಡಬೇಕೆಂಬುದರಲ್ಲಿ ಒಂದು ರಾಜ್ಯದ ಮನಸ್ಸು ಕಾಣುತ್ತದೆ.

ಕಡೆಯದಾಗಿ ನಾವು ಇಲ್ಲಿಗೆ ಬಂದ ಮುಖ್ಯೋದ್ದೇಶ. ಕೆಲವು ದಿನಗಳ ಹಿಂದೆ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಒಂದು ಬೆಳ್ಳಿ ನಾಣ್ಯವನ್ನು ತಂದು, ಇದನ್ನು ಮಾರಿದರೆ ಕಾನೂನಿನ ತೊಡಕೇನಾದರೂ ಉಂಟೇ ಎಂದು ಕೇಳಿದರು. ಪೀಠದ ಮೇಲೆ ಕುಳಿತ ಆ ಸ್ತ್ರೀಮೂರ್ತಿಯನ್ನು ನಾವು ಕೂಡಲೇ ಗುರುತಿಸಿದೆವು. ಎಲ್ಲಿ ಸಿಕ್ಕಿತೆಂದು ಕೇಳಿದರೆ ಅವರಿಗೆ ತಿಳಿಯದು. ತಾತನ ಪೆಟ್ಟಿಗೆಯಲ್ಲಿತ್ತು ಎಂದರು. ಜೊತೆಗೆ ಇನ್ನೂ ಎಂಟು ಹತ್ತು ಇದ್ದವು, ಅತ್ತೆಯವರ ಕಾಲದಲ್ಲಿ ಕಾಲುಂಗುರಕ್ಕಾಗಿ ಕರಗಿಸಿಬಿಟ್ಟರು ಎಂದರು. ಉಳಿದ ಒಂದನ್ನೂ ನಮಗೆ ಚೆನ್ನಾಗಿ ಕಾಣಲೆಂದು ಹುಣಿಸೆಹಣ್ಣು ಹಾಕಿ ತಿಕ್ಕಿ ತಂದಿದ್ದರು. ಆ ಮನುಷ್ಯರಲ್ಲಿ ಕಪಟವಿರಲಿಲ್ಲ. ಆದರೆ ಎಲ್ಲಿ, ಯಾವುದರ ಜೊತೆಗೆ, ಎಷ್ಟು ಆಳದಲ್ಲಿ ಎಂಬ ಮೂರೂ ಹೋದ ಮೇಲೆ ಆ ನಾಣ್ಯಕ್ಕೆ ಹೇಳಲು ಏನೂ ಉಳಿದಿರಲಿಲ್ಲ. ಅದು ನಮ್ಮ ನಾಡಿನಲ್ಲಿ ಸಿಕ್ಕಿತೆಂದೂ ಈಗ ಹೇಳುವಂತಿಲ್ಲ. ಆ ಸಂಜೆ ನಮಗೆ ಆದ ವ್ಯಥೆಯೇ ಈ ಭಾಷಣಕ್ಕೆ ಕಾರಣವೆಂದರೂ ತಪ್ಪಾಗದು.

ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷ್ ಇಂಡಿಯದಲ್ಲಿ 1878ರಲ್ಲಿಯೇ ಆಯಿತು. ಒಂದುಗೂಡಿದ ನಮ್ಮ ರಾಜ್ಯವು 1962ರಲ್ಲಿ ತನ್ನದೇ ಆದ ನಿಧಿ ಕಾನೂನನ್ನು ಮಾಡಿಕೊಂಡಿತು. ಸಿಕ್ಕಿದವನು ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸುವುದು ಅದರ ಮೊದಲ ಹೆಜ್ಜೆ. ಸರ್ಕಾರವು ಎಲ್ಲವನ್ನೂ ಕಿತ್ತುಕೊಂಡು ಪೊಲೀಸರನ್ನು ಕಳುಹಿಸುವುದೆಂಬ ಭಯದಿಂದ ಜನರು ಮುಚ್ಚಿಡುವರು. ಬಚ್ಚಿಡುವುದರಿಂದಲೇ ಅಪಾಯ, ತಿಳಿಸುವುದರಿಂದ ಅಪಾಯವಿಲ್ಲವೆಂಬುದನ್ನು ಓದುಬರಹ ಬಲ್ಲ ತಾವು ನೆರೆಹೊರೆಯವರಿಗೆ ವಿವರಿಸಬೇಕು. ಈ ಪಶ್ಚಿಮ ಬೆಂಗಳೂರಿನಲ್ಲಿ, ರಾಜಾಜಿನಗರದಿಂದ ಕೆಂಗೇರಿಯ ವರೆಗೆ, ಮನೆಗೂ ಮೋರಿಗೂ ಮೆಟ್ರೊ ಕಂಬಕ್ಕೂ ಎಷ್ಟು ನೆಲವನ್ನು ಅಗೆದಿದ್ದೇವೆಂಬುದು ತಮಗೇ ಗೊತ್ತು. 1891ರ ರೈಲುಹಾದಿಯ ಅಗೆತದಲ್ಲಿ ಸಿಕ್ಕಿದ್ದು ದಾಖಲೆಗೆ ಬಂದಿತು. ಅದರಿಂದ ಇಂದು ನಾವು ಮಾತನಾಡುವಂತಾಯಿತು. ಯಂತ್ರಗಳ ಬಾಯಿಗೆ ಸಿಕ್ಕಿ ಮಣ್ಣಿನ ಲಾರಿಯಲ್ಲಿ ಹೋದದ್ದರ ಲೆಕ್ಕವನ್ನು ಯಾರು ಇಡುವರು?

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದು ವಿಶೇಷವಾದ ಪ್ರಾರ್ಥನೆ. ಪ್ರತಿಯೊಂದು ಶಾಲೆಯಲ್ಲಿಯೂ ಊರಿನ ಪುಸ್ತಕವೆಂಬ ಒಂದು ದಪ್ಪ ನೋಟುಪುಸ್ತಕವಿರಲಿ. ವೀರಗಲ್ಲು, ಹಳೆಯ ನಾಣ್ಯ, ಮಡಕೆಯ ಚೂರು ಯಾವುದೇ ಕಂಡರೂ ಎಲ್ಲಿ, ಎಂದು, ಯಾರ ಹೊಲದಲ್ಲಿ ಎಂಬುದನ್ನು ಮಕ್ಕಳ ಕೈಯಿಂದಲೇ ಬರೆಸಿರಿ. ತಿಕ್ಕಬೇಡಿ, ತೊಳೆಯಬೇಡಿ, ಒಂದನ್ನೂ ಬೇರ್ಪಡಿಸಬೇಡಿ ಎಂಬ ಮೂರು ಮಾತುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿರಿ. ಇದಕ್ಕೆ ಹಣ ಬೇಡ, ಸರ್ಕಾರದ ಆಜ್ಞೆ ಬೇಡ.

ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ನಮ್ಮ ಪೂರ್ವಚರಿತ್ರೆಯ ದಾಖಲೆಗಳೂ ಹಂಚಿಹೋಗಿದ್ದವು. ಚಂದ್ರವಳ್ಳಿಯ ವರದಿ ಮೈಸೂರಿನಲ್ಲಿ, ಧಾರವಾಡದ ಕಡೆಯ ಶೋಧಗಳು ಮುಂಬಯಿ ಪ್ರಾಂತದವರು 1939ರಲ್ಲಿ ತೆರೆದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ, ಮಿಕ್ಕವು ಎಲ್ಲೆಲ್ಲಿಯೋ. ಆಗ ನಮಗೆ ನೆಪವಿತ್ತು. ಆಡಳಿತ ಒಂದಾದ ಮೇಲೆ ಆ ನೆಪ ಹೋಯಿತು. ಗಡಿಗಳನ್ನು ಕೂಡಿಸಿದವರು ತಮ್ಮ ಕೆಲಸವನ್ನು ಮಾಡಿ ಹೋದರು. ನೆಲದಡಿಯ ನೆನಪನ್ನು ಕೂಡಿಸಿಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಯಶವಂತಪುರದ ವರ್ತಕನು ನಾಣ್ಯದ ಮುಖವನ್ನು ನೋಡಿ ಮೋಸಹೋಗದೆ ತಕ್ಕಡಿಗೆ ಹಾಕಿ ತೂಗಿದನು. ನಮ್ಮ ಚರಿತ್ರೆಯನ್ನೂ ನಾವು ಹಾಗೆಯೇ ತೂಗಿ ತೆಗೆದುಕೊಳ್ಳೋಣ; ತೂಗಿದ್ದನ್ನು ಬರೆದಿಡೋಣ.